ಕಾಂಕ್ರೀಟ್ ಸ್ಲ್ಯಾಬ್ ಮಾದರಿಗೆ ಶೆಲ್ ಎಲಿಮೆಂಟೋ, ಸಾಲಿಡ್ ಎಲಿಮೆಂಟೋ?

ಗಂಗಾವತಿ ವಿನ್ಯಾಸ

ಎಲ್ಲರಿಗೂ ನಮಸ್ಕಾರ. ಕಾರಟಗಿ ರಸ್ತೆಯಲ್ಲಿ ಕಟ್ಟಲಿರುವ ಒಂದು ರೈಸ್ ಮಿಲ್ಲಿನ ಯಂತ್ರಗಳ ಕಟ್ಟಡಕ್ಕೆ ನಾನು ರಚನಾ ವಿನ್ಯಾಸ ಮಾಡುತ್ತಿದ್ದೇನೆ. ಬೀಮುಗಳಿಲ್ಲದ ಫ್ಲ್ಯಾಟ್ ಸ್ಲ್ಯಾಬ್, ಕಂಬದಿಂದ ಕಂಬಕ್ಕೆ ಎರಡೂ ದಿಕ್ಕಿನಲ್ಲಿ 6 ಮೀಟರ್, ಸ್ಲ್ಯಾಬಿನ ದಪ್ಪ 200 ಮಿಮೀ, ಕಂಬ 400 ಮಿಮೀ ಚೌಕ, ಕಾಂಕ್ರೀಟ್ ಎಂ25 ದರ್ಜೆಯದು. ನೆಲ್ಲು ಮೇಲಕ್ಕೆ ಒಯ್ಯುವ ಎಲಿವೇಟರ್‌ಗಳಿಗಾಗಿ ಪ್ರತಿ ಮಹಡಿಯಲ್ಲೂ ಕಿಂಡಿಗಳಿವೆ. ಇದನ್ನು ನಾನು ಕಂಪ್ಯೂಟರಿನಲ್ಲಿ ಶೆಲ್ ಎಲಿಮೆಂಟುಗಳಿಂದ (ಸ್ಲ್ಯಾಬನ್ನು ಅದರ ಮಧ್ಯತಲದ ಚಪ್ಪಟೆ ತುಂಡುಗಳಾಗಿ ಹಿಡಿಯುವವು) ಮಾದರಿ ಮಾಡಿ ವರದಿ ಕೊಟ್ಟೆ. ವರದಿ ಪರಿಶೀಲಿಸಿದವರು, ಕಾಂಕ್ರೀಟ್ ಘನವಸ್ತುವಾಗಿರುವುದರಿಂದ ಸಾಲಿಡ್ ಎಲಿಮೆಂಟೇ (ಇಟ್ಟಿಗೆಯಂತಹ ಮೂರು ಆಯಾಮದ ತುಂಡು) ಹೆಚ್ಚು ನಿಖರ, ಮಾದರಿಯನ್ನು ಮತ್ತೆ ಮಾಡಿ ತನ್ನಿ ಎಂದು ಬರೆದಿದ್ದಾರೆ.

ಉತ್ತರ ಬರೆಯುವ ಮೊದಲು ಎರಡನ್ನೂ ಸ್ಲ್ಯಾಬಿನ ಒಂದು ಸರಳ ಪಟ್ಟಿಯ ಮೇಲೆ ಹೋಲಿಸಿ ನೋಡಿದೆ. 4 ಮೀಟರ್ ಸ್ಪ್ಯಾನ್, 150 ಮಿಮೀ ದಪ್ಪ, ಎರಡು ತುದಿಗಳಲ್ಲಿ ಸರಳ ಆಧಾರ, ಒಂದು ತುದಿ ಅಡ್ಡಕ್ಕೆ ಸರಿಯಲು ಮುಕ್ತ, ಒಟ್ಟು ಭಾರ ಚದರ ಮೀಟರಿಗೆ 7.5 ಕಿಲೋನ್ಯೂಟನ್. ಕೈಲೆಕ್ಕಕ್ಕೆ ತಾಳೆ ನೋಡಲು ಅನುಕೂಲವಾಗಲೆಂದು ಪಾಯ್ಸನ್ ಅನುಪಾತವನ್ನು (ಒಂದು ದಿಕ್ಕಿನಲ್ಲಿ ಎಳೆದಾಗ ಅಡ್ಡ ದಿಕ್ಕಿನಲ್ಲಿ ಎಷ್ಟು ಕುಗ್ಗುತ್ತದೆ ಎಂಬುದು) ಸೊನ್ನೆ ಇಟ್ಟಿದ್ದೇನೆ. ಶೆಲ್ ಮಾದರಿಯಲ್ಲಿ ನಡುವಿನ ಡಿಫ್ಲೆಕ್ಷನ್ (ಕೆಳಕ್ಕೆ ಬಾಗಿದ ಪ್ರಮಾಣ) ಸುಮಾರು 3.6 ಮಿಮೀ ಬಂತು. ಎಂಟು ನೋಡಿನ (ನೋಡು ಎಂದರೆ ಎಲಿಮೆಂಟುಗಳು ಕೂಡುವ ಬಿಂದು) ಸಾಲಿಡ್ ಎಲಿಮೆಂಟಿನಲ್ಲಿ, ಎಲಿಮೆಂಟಿನ ಉದ್ದ 250 ಮಿಮೀ ಇರುವ ಮೆಶ್‌ಗೆ, ಸುಮಾರು 1.5 ಮಿಮೀ ಬಂತು. ದಪ್ಪದಲ್ಲಿ ಒಂದು ಪದರದ ಬದಲು ನಾಲ್ಕು ಪದರ ಮಾಡಿದರೂ 1.5ರಿಂದ ಕದಲಲಿಲ್ಲ. ಅರ್ಧಕ್ಕಿಂತ ಕಡಿಮೆಯಾಗಿರುವ ಈ ಉತ್ತರದ ಕಾರಣವೇನು, ಪರಿಶೀಲಕರಿಗೆ ನಾನು ಏನೆಂದು ಬರೆಯಬೇಕು?

ಬಳ್ಳಾರಿ ಉಪನ್ಯಾಸಕಿ

ನಿಮ್ಮ ಪಟ್ಟಿಯ ಪರೀಕ್ಷೆ ಬಹಳ ಉಪಯುಕ್ತವಾದದ್ದು. ಅದರ ಉತ್ತರ ಮೊದಲೇ ಗೊತ್ತಿರುವುದರಿಂದ, ಯಾವ ಮಾದರಿ ದಾರಿ ತಪ್ಪಿತು ಎಂಬುದನ್ನು ವಾದವಿಲ್ಲದೆ ತೀರ್ಮಾನಿಸಬಹುದು.

ಎಂ25ಕ್ಕೆ ಐಎಸ್ 456ರ (ಕಾಂಕ್ರೀಟ್ ವಿನ್ಯಾಸದ ಭಾರತೀಯ ಸಂಹಿತೆ) ಪ್ರಕಾರ ಸ್ಥಿತಿಸ್ಥಾಪಕ ಗುಣಾಂಕ 25000 ಮೆಗಾಪಾಸ್ಕಲ್. ಒಂದು ಮೀಟರ್ ಅಗಲಕ್ಕೆ ನಡುವಿನ ಮೊಮೆಂಟ್ (ಬಾಗಿಸುವ ಪರಿಣಾಮ) 15 ಕಿಲೋನ್ಯೂಟನ್ ಮೀಟರ್, ಡಿಫ್ಲೆಕ್ಷನ್ 3.56 ಮಿಮೀ, ಕೆಳಮೈಯ ಎಳೆತದ ಸ್ಟ್ರೆಸ್ 4.0 ಮೆಗಾಪಾಸ್ಕಲ್. ಶಿಯರ್‌ನಿಂದ (ಪದರಗಳನ್ನು ಜಾರಿಸುವ ಬಲದಿಂದ) ಬರುವ ಹೆಚ್ಚುವರಿ ಡಿಫ್ಲೆಕ್ಷನ್ ಲೆಕ್ಕ ಹಾಕಿದರೆ 0.01 ಮಿಮೀ ಮಾತ್ರ. ಹೀಗಾಗಿ ತೆಳು ಫಲಕದ ಸಿದ್ಧಾಂತ ಹಿಡಿದರೂ, ಶಿಯರನ್ನು ಗಣನೆಗೆ ತೆಗೆದುಕೊಳ್ಳುವ ದಪ್ಪ ಫಲಕದ ಸಿದ್ಧಾಂತ ಹಿಡಿದರೂ ಶೆಲ್ ಉತ್ತರ ಒಂದೇ ಆಗಿರುತ್ತದೆ. ನಿಮ್ಮ ಶೆಲ್ ಸರಿಯಾಗಿದೆ.

ಸಾಲಿಡ್‌ನಲ್ಲಿ ನಿಮಗೆ ಕಂಡದ್ದು ಶಿಯರ್ ಲಾಕಿಂಗ್. ಎಂಟು ನೋಡಿನ ಎಲಿಮೆಂಟಿನ ಅಂಚುಗಳು ಯಾವಾಗಲೂ ನೇರವಾಗಿಯೇ ಉಳಿಯುತ್ತವೆ. ಸ್ಲ್ಯಾಬ್ ಬಾಗುವಾಗ ಅಂಚುಗಳೂ ಬಿಲ್ಲಿನಂತೆ ಬಾಗಬೇಕು. ಅದು ಸಾಧ್ಯವಾಗದ ಎಲಿಮೆಂಟು, ವಾಸ್ತವದಲ್ಲಿಲ್ಲದ ಶಿಯರ್ ಸ್ಟ್ರೇನನ್ನು ತನ್ನೊಳಗೆ ಹುಟ್ಟಿಸಿಕೊಂಡು ಗಡುಸಾಗುತ್ತದೆ. ಪೂರ್ಣ ಇಂಟಿಗ್ರೇಶನ್ (ಎಲಿಮೆಂಟಿನೊಳಗೆ ಹಲವು ಬಿಂದುಗಳಲ್ಲಿ ಸ್ಟ್ರೆಸ್ ಅಳೆದು ಕೂಡಿಸುವುದು) ಇರುವಾಗ ಈ ಸುಳ್ಳು ಗಡಸುತನ ಎಷ್ಟೆಂದು ಲೆಕ್ಕ ಹಾಕಬಹುದು. ಪಾಯ್ಸನ್ ಅನುಪಾತ ಸೊನ್ನೆಯಾಗಿದ್ದರೆ, ಎಲಿಮೆಂಟಿನ ಉದ್ದವನ್ನು ಸ್ಲ್ಯಾಬಿನ ದಪ್ಪದಿಂದ ಭಾಗಿಸಿ, ವರ್ಗ ಮಾಡಿ, ಅದರ ಅರ್ಧಕ್ಕೆ ಒಂದನ್ನು ಕೂಡಿಸಿ. ಬಾಗುವಿಕೆಯ ಗಡಸುತನ ಅಷ್ಟು ಪಟ್ಟು ಹೆಚ್ಚಾಗಿ ತೋರುತ್ತದೆ. ನಿಮ್ಮಲ್ಲಿ 250ನ್ನು 150ರಿಂದ ಭಾಗಿಸಿದರೆ 1.67, ಅದರ ವರ್ಗ 2.78, ಅರ್ಧ 1.39, ಒಂದು ಕೂಡಿಸಿದರೆ 2.39. ನಿಜವಾದ 3.56ನ್ನು 2.39ರಿಂದ ಭಾಗಿಸಿದರೆ 1.49 ಮಿಮೀ. ನಿಮಗೆ ಬಂದಿರುವುದೂ ಇದೇ.

ಈ ಲೆಕ್ಕದಲ್ಲಿ ಪದರಗಳ ಸಂಖ್ಯೆ ಎಲ್ಲಿಯೂ ಇಲ್ಲ ಎಂಬುದನ್ನು ಗಮನಿಸಿ. ನಾಲ್ಕು ಪದರ ಹಾಕಿದರೂ ಉತ್ತರ ಕದಲದಿರಲು ಅದೇ ಕಾರಣ. ದಪ್ಪದ ಉದ್ದಕ್ಕೂ ನಾಲ್ಕು ಪದರ ಇರಲಿ ಎಂಬ ಸಲಹೆಯನ್ನು ಎಲ್ಲರೂ ಕೊಡುತ್ತಾರೆ, ಆದರೆ ಸಮತಲದಲ್ಲಿ ಎಲಿಮೆಂಟಿನ ಉದ್ದ ಕಡಿಮೆಯಾಗದಿದ್ದರೆ ಈ ದೋಷಕ್ಕೆ ಆ ಸಲಹೆಯಿಂದ ಪರಿಹಾರವಿಲ್ಲ. ಉದ್ದವನ್ನು 50 ಮಿಮೀ ಮಾಡಿದರೆ ಡಿಫ್ಲೆಕ್ಷನ್ 3.37ಕ್ಕೆ ಬರುತ್ತದೆ, 25 ಮಿಮೀ ಮಾಡಿದರೆ 3.51ಕ್ಕೆ ಬರುತ್ತದೆ. ಇದಕ್ಕಿಂತ ಒಳ್ಳೆಯ ದಾರಿಯೆಂದರೆ ಇಪ್ಪತ್ತು ನೋಡಿನ ಎಲಿಮೆಂಟು ಬಳಸುವುದು, ಅಥವಾ ಬಾಗುವಿಕೆಗಾಗಿಯೇ ಹೆಚ್ಚುವರಿ ವಿರೂಪ ರೂಪಗಳನ್ನು ಸೇರಿಸಿದ ಎಂಟು ನೋಡಿನ ಎಲಿಮೆಂಟು ಬಳಸುವುದು. ವಿಶ್ಲೇಷಣಾ ತಂತ್ರಾಂಶವಾದ ಅಬಾಕಸ್‌ನಲ್ಲಿ ಸಿ3ಡಿ8ಐ ಎಂಬುದು ಅಂತಹದ್ದೇ.

ಸಿಂಧನೂರು ಸೈಟ್

ಮೇಡಂ ಹೇಳಿದ ಲೆಕ್ಕವನ್ನು ಒಪ್ಪುತ್ತೇನೆ, ಆದರೆ ಅದು ಎಲಿಮೆಂಟಿನ ಒಂದು ಬಗೆಯ ದೋಷವೇ ಹೊರತು ಸಾಲಿಡ್ ಮಾದರಿಯ ದೋಷವಲ್ಲ. ಇಪ್ಪತ್ತು ನೋಡಿನ ಎಲಿಮೆಂಟು ಹಾಕಿದ ಮೇಲೆ ಎರಡೂ ಒಂದೇ ಉತ್ತರ ಕೊಡುತ್ತವೆ ಎಂದಾದರೆ, ಪರಿಶೀಲಕರು ಕೇಳಿದ್ದನ್ನು ಕೊಟ್ಟುಬಿಡಬಹುದಲ್ಲವೇ? ಈಗಿನ ಕಂಪ್ಯೂಟರುಗಳಿಗೆ ಅದೇನೂ ಭಾರವಲ್ಲ. ಮಿಲ್ಲಿನ ಮಹಡಿಯಲ್ಲಿ ಕಿಂಡಿಗಳು, ಯಂತ್ರದ ಬೋಲ್ಟುಗಳು, ಕಂಬದ ತಲೆ ಇವೆಲ್ಲ ಇರುವಾಗ ಮೂರು ಆಯಾಮದ ಮಾದರಿ ಹೆಚ್ಚು ಸತ್ಯಕ್ಕೆ ಹತ್ತಿರ ಎಂದೇ ನನ್ನ ಭಾವನೆ.

ತೋರಣಗಲ್ಲು ರಚನೆ

ಕಂಪ್ಯೂಟರಿನ ಹೊರೆಯಿಂದಲೇ ಶುರು ಮಾಡುತ್ತೇನೆ. 6 ಮೀಟರ್ ಚೌಕದ ಒಂದು ಅಂಕಣಕ್ಕೆ 250 ಮಿಮೀ ಶೆಲ್ ಮೆಶ್ ಹಾಕಿದರೆ 625 ನೋಡುಗಳು, ಪ್ರತಿ ನೋಡಿಗೆ ಆರರಂತೆ 3750 ಅಜ್ಞಾತಗಳು (ಕಂಪ್ಯೂಟರ್ ಕಂಡುಹಿಡಿಯಬೇಕಾದ ಸಂಖ್ಯೆಗಳು). ಅದೇ ಅಂಕಣಕ್ಕೆ ಎಂಟು ನೋಡಿನ ಸಾಲಿಡ್ ಎಲಿಮೆಂಟುಗಳನ್ನು 100 ಮಿಮೀ ಉದ್ದ, ನಾಲ್ಕು ಪದರದಂತೆ ಹಾಕಿದರೆ 18605 ನೋಡುಗಳು, ನೋಡಿಗೆ ಮೂರರಂತೆ 55815 ಅಜ್ಞಾತಗಳು. ಒಂದು ಅಂಕಣಕ್ಕೆ ಇದು ಏನೂ ಅಲ್ಲ ಎಂಬುದು ನಿಜ. ಇಪ್ಪತ್ತು ಅಂಕಣ, ಮೂರು ಮಹಡಿ, ಹತ್ತಾರು ಭಾರ ಸಂಯೋಜನೆ ಎಂದಾಗ ಅದು ದೊಡ್ಡ ಅಂತರವೇ. ಆದರೂ ನನ್ನ ಆಕ್ಷೇಪಣೆ ಇರುವುದು ಅಲ್ಲಿ ಅಲ್ಲ.

ವಿನ್ಯಾಸಕಾರನಿಗೆ ಬೇಕಾದದ್ದು ಕಬ್ಬಿಣದ ಸರಳಿನ ಪ್ರಮಾಣ, ಅದಕ್ಕೆ ಬೇಕಾದದ್ದು ಮೀಟರ್ ಅಗಲಕ್ಕೆ ಮೊಮೆಂಟ್. ಶೆಲ್ ಎಲಿಮೆಂಟು ಎರಡು ದಿಕ್ಕಿನ ಮೊಮೆಂಟುಗಳನ್ನೂ ತಿರುಚುವ ಮೊಮೆಂಟನ್ನೂ ನೇರವಾಗಿ ಕೊಡುತ್ತದೆ. ಸಾಲಿಡ್ ಎಲಿಮೆಂಟು ಕೊಡುವುದು ಸ್ಟ್ರೆಸ್ ಮಾತ್ರ. ಪ್ರತಿ ಛೇದದಲ್ಲೂ ಆ ಸ್ಟ್ರೆಸನ್ನು ಮಧ್ಯತಲದಿಂದಿರುವ ದೂರದಿಂದ ಗುಣಿಸಿ, ದಪ್ಪದ ಉದ್ದಕ್ಕೂ ಕೂಡಿಸಿ, ಶೆಲ್ ಮೊದಲೇ ಕೊಟ್ಟಿದ್ದ ಅದೇ ಮೊಮೆಂಟಿಗೆ ನಾವು ಹಿಂತಿರುಗಬೇಕು. ಈ ಕೆಲಸವನ್ನು ಬಿಟ್ಟು, ಎಳೆತದ ಸ್ಟ್ರೆಸ್ಸಿನ ಬಣ್ಣದ ಚಿತ್ರ ನೋಡಿ ಕೆಂಪಾದ ಕಡೆಯಲ್ಲೆಲ್ಲ ಸರಳು ಹೆಚ್ಚಿಸುವ ವರದಿಗಳನ್ನು ನಾನು ಪರಿಶೀಲನೆಗೆ ಪಡೆದಿದ್ದೇನೆ. ಅವುಗಳಲ್ಲಿ ಸಮತೋಲನದ ಲೆಕ್ಕವೇ ಇರುವುದಿಲ್ಲ, ಇದು ನನಗೆ ನಿಜವಾಗಿಯೂ ಆತಂಕದ ವಿಷಯ.

ತಿರುಚುವ ಮೊಮೆಂಟಿನ ಬಗ್ಗೆಯೂ ಒಂದು ಮಾತು. ವುಡ್ ಮತ್ತು ಆರ್ಮರ್ 1968ರಲ್ಲಿ ಕೊಟ್ಟ ವಿಧಾನದಂತೆ, ಕೆಳಗಿನ ಸರಳಿಗೆ ಆಯಾ ದಿಕ್ಕಿನ ಮೊಮೆಂಟಿನ ಜೊತೆಗೆ ತಿರುಚುವ ಮೊಮೆಂಟಿನ ಪರಿಮಾಣವನ್ನೂ ಕೂಡಿಸಬೇಕು. ಬೀಮಿನ ಮೇಲಿರುವ ಸ್ಲ್ಯಾಬುಗಳ ಮೂಲೆಯಲ್ಲಿ ಐಎಸ್ 456 ಪ್ರತ್ಯೇಕ ಸರಳು ಕೇಳುವುದಕ್ಕೂ ಇದೇ ಮೊಮೆಂಟು ಕಾರಣ. ಶೆಲ್ ಮಾದರಿಯಿಂದ ಮೊಮೆಂಟ್ ಓದುವವರು ಈ ಭಾಗವನ್ನು ಕೈಬಿಟ್ಟರೆ, ಕಿಂಡಿಯ ಮೂಲೆಗಳಲ್ಲಿ ಸರಳು ಕಡಿಮೆಯಾಗುತ್ತದೆ.

ಶಕ್ತಿನಗರ ನಿವೃತ್ತ

ಸಿಂಧನೂರಿನವರ ಪ್ರಶ್ನೆ ನ್ಯಾಯವಾದದ್ದು. ಸಾಲಿಡ್ ಬೇಕಾಗುವ ಕೆಲಸಗಳು ನಮ್ಮ ಜಿಲ್ಲೆಗಳಲ್ಲಿಯೇ ಸಾಕಷ್ಟಿವೆ. ಶಕ್ತಿನಗರ, ಯರಮರಸ್, ಕುಡತಿನಿಯ ಉಷ್ಣ ವಿದ್ಯುತ್ ಸ್ಥಾವರಗಳಂತಹ ಕಡೆ ಟರ್ಬೈನಿನ ಅಡಿಪಾಯ ಹಾಕುವಾಗ ಕಾಂಕ್ರೀಟಿನ ದಪ್ಪ ಮೀಟರುಗಳಲ್ಲಿರುತ್ತದೆ. ಸಿಮೆಂಟ್ ನೀರಿನೊಂದಿಗೆ ಸೇರಿದಾಗ ಹುಟ್ಟುವ ಶಾಖ ಒಡಲೊಳಗೆ ಉಳಿದು, ಹೊರಮೈ ಬೇಗ ತಣಿಯುತ್ತದೆ. ದಪ್ಪದ ಉದ್ದಕ್ಕೂ ಉಷ್ಣತೆ ಬಾಗಿದ ರೇಖೆಯಂತೆ ಬದಲಾಗುವುದರಿಂದ ಅಲ್ಲಿ ಸಾಲಿಡ್ ಮಾದರಿಯೇ ಸೂಕ್ತ. ಮೇ ತಿಂಗಳ ರಾಯಚೂರು ಬಿಸಿಲಿನಲ್ಲಿ ತಾರಸಿಯ ಮೇಲ್ಮೈ ಕಾಯುವುದು ಬೇರೆ ಸಂಗತಿ. 150 ಮಿಮೀ ಸ್ಲ್ಯಾಬಿಗೆ ಮೇಲೊಂದು ಉಷ್ಣತೆ, ಕೆಳಗೊಂದು ಉಷ್ಣತೆ ಕೊಟ್ಟು ನಡುವೆ ಸರಳ ರೇಖೆ ಎಂದುಕೊಂಡರೆ ವಿನ್ಯಾಸಕ್ಕೆ ಸಾಕು, ಅದನ್ನು ಶೆಲ್ ಮಾಡಬಲ್ಲದು. ನಾಲ್ಕು ಪೈಲುಗಳ ಮೇಲಿನ ದಪ್ಪ ಪೈಲ್ ಕ್ಯಾಪು, ದಪ್ಪ ಒಮ್ಮೆಲೇ ಬದಲಾಗುವ ಜಾಗ, ಬೋಲ್ಟಿನ ಸುತ್ತಲಿನ ಒಂದೆರಡು ದಪ್ಪದಷ್ಟು ಪ್ರದೇಶ ಇಂತಹ ಕಡೆಗಳಲ್ಲಿ, ಬಾಗುವ ಮುನ್ನ ಸಮತಲವಾಗಿದ್ದ ಛೇದ ಬಾಗಿದ ಮೇಲೂ ಸಮತಲವಾಗಿರುತ್ತದೆ ಎಂಬ ಶೆಲ್‌ನ ಊಹೆಯೇ ನಿಲ್ಲುವುದಿಲ್ಲ. ಅಲ್ಲಿ ಸಾಲಿಡ್ ಬಳಸಿ. 6 ಮೀಟರ್ ಸ್ಪ್ಯಾನಿಗೆ 200 ಮಿಮೀ ದಪ್ಪವೆಂದರೆ ಮೂವತ್ತಕ್ಕೆ ಒಂದು. ಅಲ್ಲಿ ಆ ಊಹೆಗೆ ಯಾವ ಧಕ್ಕೆಯೂ ಇಲ್ಲ.

ಇನ್ನೊಂದು ವಿಷಯವನ್ನು ಯಾರೂ ಇಲ್ಲಿ ಎತ್ತಿಲ್ಲ, ಅದು ಆಧಾರ. ಶೆಲ್‌ನ ನೋಡುಗಳು ಮಧ್ಯತಲದಲ್ಲಿರುತ್ತವೆ. ಸಾಲಿಡ್‌ನಲ್ಲಿ ಸರಳ ಆಧಾರ ಕೊಡುವಾಗ ಸ್ಲ್ಯಾಬಿನ ಕೆಳ ಅಂಚಿನ ನೋಡುಗಳನ್ನು ಹಿಡಿಯುವುದು ವಾಡಿಕೆ. ಎರಡೂ ತುದಿಗಳ ಕೆಳ ಅಂಚನ್ನು ಅಡ್ಡಕ್ಕೂ ಸರಿಯದಂತೆ ಹಿಡಿದರೆ, ಬಾಗುವಾಗ ಉದ್ದವಾಗಬೇಕಾದ ಕೆಳಮೈ ಉದ್ದವಾಗಲಾರದೆ ಕಮಾನಿನಂತೆ ಒತ್ತುಕೊಡುತ್ತದೆ. ಮೇಲಿನ ಪಟ್ಟಿಗೇ ಇದನ್ನು ಲೆಕ್ಕ ಹಾಕಿ ನೋಡಿ: ಆ ಅಡ್ಡಬಲದಿಂದ ಹುಟ್ಟುವ ಮೊಮೆಂಟು ನಡುವಿನ 15ರಲ್ಲಿ ಅರ್ಧವನ್ನು ತಿಂದುಹಾಕುತ್ತದೆ, ಡಿಫ್ಲೆಕ್ಷನ್ 3.56ರಿಂದ 1.42 ಮಿಮೀಗೆ ಇಳಿಯುತ್ತದೆ. ಎಲಿಮೆಂಟು ಎಷ್ಟೇ ಉತ್ತಮವಾಗಿದ್ದರೂ, ಮೆಶ್ ಎಷ್ಟೇ ಸಣ್ಣದಾಗಿದ್ದರೂ ಈ ಉತ್ತರ ಬದಲಾಗುವುದಿಲ್ಲ. ಗೋಡೆಯ ಮೇಲೆ ಕುಳಿತ ಸ್ಲ್ಯಾಬಿಗೆ ಅಂತಹ ಅಚಲವಾದ ಹಿಡಿತ ಇರುವುದೇ ಇಲ್ಲ, ಆದ್ದರಿಂದ ಅರ್ಧ ಮೊಮೆಂಟಿಗೆ ಸರಳು ಹಾಕಿದಂತಾಗುತ್ತದೆ. ಶೆಲ್ ಬಳಸುವವರು ಮೇಲ್ಮೈ ಸಮವಾಗಲೆಂದು ಮಧ್ಯತಲವನ್ನು ನೋಡುಗಳಿಂದ ಕೆಳಗೆ ಸರಿಸಿದರೆ ಅವರಿಗೂ ಇಂತಹ ಅಡ್ಡಬಲ ಬರುತ್ತದೆ.

ಗಂಗಾವತಿ ವಿನ್ಯಾಸ

ಬಹಳ ಧನ್ಯವಾದಗಳು. ಮೇಡಂ ಹೇಳಿದಂತೆ 50 ಮಿಮೀ ಮೆಶ್ ಹಾಕಿದಾಗ 3.4ರ ಆಸುಪಾಸಿನಲ್ಲೇ ಬಂತು. ನಮ್ಮ ತಂತ್ರಾಂಶದಲ್ಲಿ ಕಡಿತಗೊಳಿಸಿದ ಇಂಟಿಗ್ರೇಶನ್ ಎಂಬ ಆಯ್ಕೆಯೂ ಇದೆ. ಅದನ್ನು ಆರಿಸಿದರೆ ಲಾಕಿಂಗ್ ಇರುವುದಿಲ್ಲವೆಂದು ಸಹೋದ್ಯೋಗಿಗಳು ಹೇಳುತ್ತಾರೆ. ಅದರಿಂದ ದೊಡ್ಡ ಮೆಶ್‌ನಲ್ಲಿಯೇ ಕೆಲಸ ಮುಗಿಸಬಹುದೇ?

ಬಳ್ಳಾರಿ ಉಪನ್ಯಾಸಕಿ

ಲಾಕಿಂಗ್ ಇರುವುದಿಲ್ಲ ಎಂಬುದು ನಿಜ. ಬದಲಿಗೆ ಬರುವ ತೊಂದರೆ ಇದಕ್ಕೆ ವಿರುದ್ಧ ದಿಕ್ಕಿನದು, ಮತ್ತು ಈ ಬಾರಿ ಪದರಗಳ ಸಂಖ್ಯೆಯೇ ಮುಖ್ಯವಾಗುತ್ತದೆ.

ಆ ಎಲಿಮೆಂಟು ಸ್ಟ್ರೆಸನ್ನು ತನ್ನ ಮಧ್ಯಬಿಂದುವಿನಲ್ಲಿ ಮಾತ್ರ ಅಳೆಯುತ್ತದೆ. ದಪ್ಪದಲ್ಲಿ ಒಂದೇ ಪದರ ಇದ್ದರೆ ಆ ಬಿಂದು ಮಧ್ಯತಲದಲ್ಲಿಯೇ ಬೀಳುತ್ತದೆ, ಅಲ್ಲಿ ಬಾಗುವಿಕೆಯ ಸ್ಟ್ರೇನ್ ಸೊನ್ನೆ, ಹೀಗಾಗಿ ಸ್ಲ್ಯಾಬಿಗೆ ಬಾಗುವಿಕೆಯ ಗಡಸುತನವೇ ಇರುವುದಿಲ್ಲ. ತಂತ್ರಾಂಶ ಸೇರಿಸುವ ಕೃತಕ ಗಡಸುತನದಿಂದ ಮಾತ್ರ ಅದು ನಿಂತಿರುತ್ತದೆ, ಆ ಉತ್ತರಕ್ಕೆ ಬೆಲೆಯಿಲ್ಲ. ಎರಡು ಪದರ ಇದ್ದರೆ ನಿಜವಾದ ಗಡಸುತನದ ಮುಕ್ಕಾಲು ಭಾಗ ಸಿಗುತ್ತದೆ, ನಾಲ್ಕು ಪದರ ಇದ್ದರೆ ಹದಿನಾರರಲ್ಲಿ ಹದಿನೈದು ಭಾಗ. ಅಂದರೆ ಡಿಫ್ಲೆಕ್ಷನ್ ಕ್ರಮವಾಗಿ ಶೇಕಡಾ 33 ಮತ್ತು ಶೇಕಡಾ 7ರಷ್ಟು ಹೆಚ್ಚಾಗಿ ತೋರುತ್ತದೆ.

ಡಿಫ್ಲೆಕ್ಷನ್‌ಗಿಂತ ಸ್ಟ್ರೆಸ್ಸಿನ ವಿಷಯ ಹೆಚ್ಚು ಅಪಾಯಕಾರಿ. ನಾಲ್ಕು ಪದರದ ಮಾದರಿಯಲ್ಲಿ ಕೆಳಗಿನ ಪದರದ ಮಧ್ಯಬಿಂದು ಮಧ್ಯತಲದಿಂದ 56 ಮಿಮೀ ದೂರದಲ್ಲಿರುತ್ತದೆ, ಮೈ ಇರುವುದು 75 ಮಿಮೀ ದೂರದಲ್ಲಿ. ನಿಮ್ಮ ಪಟ್ಟಿಯಲ್ಲಿ ಆ ಬಿಂದುವಿನಲ್ಲಿ ಕಾಣುವ ಸ್ಟ್ರೆಸ್ 3.2 ಮೆಗಾಪಾಸ್ಕಲ್, ಮೈಯಲ್ಲಿ ನಿಜವಾಗಿ ಇರುವುದು 4.0. ಐಎಸ್ 456 ಎಂ25ಕ್ಕೆ ಕೊಡುವ ಬಿರುಕಿನ ಮಿತಿ 3.5. ಸಾಲಿಡ್ ಚಿತ್ರ ನೋಡಿದವರು ಸ್ಲ್ಯಾಬ್ ಬಿರುಕು ಬಿಡುವುದಿಲ್ಲ ಎಂದು ಬರೆಯುತ್ತಾರೆ. ವಾಸ್ತವದಲ್ಲಿ ಅದು ಬಿರುಕು ಬಿಟ್ಟಿರುತ್ತದೆ.

ತೋರಣಗಲ್ಲು ರಚನೆ

ಮೇಡಂ ಈಗ ಮುಟ್ಟಿದ್ದು ನನ್ನ ದೃಷ್ಟಿಯಲ್ಲಿ ಈ ಚರ್ಚೆಯ ತಿರುಳು. ಪಟ್ಟಿಗೆ ಬಿರುಕು ಬಿದ್ದಿದೆ ಎಂದಾದ ಮೇಲೆ 3.56 ಎಂಬ ಸಂಖ್ಯೆಯೂ ಉಳಿಯುವುದಿಲ್ಲ. 10 ಮಿಮೀ ಸರಳು 150 ಮಿಮೀಗೊಂದರಂತೆ, ಪರಿಣಾಮಕಾರಿ ಆಳ 125 ಮಿಮೀ ಎಂದು ಹಿಡಿದು ಐಎಸ್ 456ರ ಅನುಬಂಧ ಸಿ ಪ್ರಕಾರ ಲೆಕ್ಕ ಹಾಕಿದೆ. ಪೂರ್ತಿ ಬಿರುಕು ಬಿಟ್ಟ ಛೇದದ ಜಡತ್ವ (ಬಾಗುವಿಕೆಗೆ ಛೇದದ ಆಕಾರ ಒಡ್ಡುವ ಪ್ರತಿರೋಧ), ಬಿರುಕಿಲ್ಲದ ಛೇದದ ಆರನೇ ಒಂದು ಭಾಗಕ್ಕೆ ಇಳಿಯುತ್ತದೆ. ಬಿರುಕುಗಳ ನಡುವಿನ ಕಾಂಕ್ರೀಟಿನ ನೆರವನ್ನು ಸೇರಿಸಿದ ಪರಿಣಾಮಕಾರಿ ಜಡತ್ವ ಹಿಡಿದರೂ ತಕ್ಷಣದ ಡಿಫ್ಲೆಕ್ಷನ್ 12 ಮಿಮೀ ದಾಟುತ್ತದೆ. ಸ್ಪ್ಯಾನಿನ 250ನೇ ಒಂದು ಭಾಗವೆಂಬ ಮಿತಿ ಇಲ್ಲಿ 16 ಮಿಮೀ. ಕುಗ್ಗುವಿಕೆ, ಕ್ರೀಪ್ (ಭಾರ ಹೊತ್ತ ಕಾಂಕ್ರೀಟ್ ಕಾಲಕ್ರಮೇಣ ಇನ್ನಷ್ಟು ಬಾಗುವುದು) ಇನ್ನೂ ಸೇರಿಲ್ಲ. 28 ದಿನಕ್ಕೆ ಭಾರ ಹೊರಿಸಿದರೆ ಕ್ರೀಪ್ ಗುಣಾಂಕ 1.6 ಎಂದು ಅದೇ ಸಂಹಿತೆ ಹೇಳುತ್ತದೆ.

3.56 ಸರಿಯೋ 3.51 ಸರಿಯೋ ಎಂದು ಎಲಿಮೆಂಟಿನ ಆಯ್ಕೆಯಲ್ಲಿ ನಾವು ಹುಡುಕುತ್ತಿರುವ ನಿಖರತೆಯನ್ನು ಬಿರುಕಿನ ಒಂದು ತೀರ್ಮಾನ ಮೂರೂವರೆ ಪಟ್ಟು ಬದಲಾಯಿಸುತ್ತದೆ. ಪರಿಶೀಲಕರು ಸಾಲಿಡ್ ಕೇಳುವ ಬದಲು ಬಿರುಕಿನ ಗಡಸುತನವನ್ನು ಎಲ್ಲಿ ಪರಿಗಣಿಸಿದ್ದೀರಿ ಎಂದು ಕೇಳಿದ್ದರೆ ಕಟ್ಟಡಕ್ಕೆ ಹೆಚ್ಚು ಒಳ್ಳೆಯದಾಗುತ್ತಿತ್ತು. ಬಿರುಕನ್ನು ಸಾಲಿಡ್‌ನಲ್ಲಿಯೇ ನಾನ್‌ಲೀನಿಯರ್ ಆಗಿ ತೋರಿಸಬಹುದು ಎನ್ನುವವರಿದ್ದಾರೆ. ತೋರಿಸಬಹುದು, ಸಂಶೋಧನೆಗೆ ಅದು ಬೇಕು ಕೂಡ. ಆದರೆ ಎಳೆತದಲ್ಲಿ ಕಾಂಕ್ರೀಟ್ ಹೇಗೆ ಸಡಿಲಗೊಳ್ಳುತ್ತದೆ ಎಂಬ ವಕ್ರರೇಖೆಯನ್ನು ಮೆಶ್ ಗಾತ್ರಕ್ಕೆ ತಕ್ಕಂತೆ ಹೊಂದಿಸದಿದ್ದರೆ ಮೆಶ್ ಬದಲಾದಂತೆ ಉತ್ತರವೂ ಬದಲಾಗುತ್ತದೆ. ಒಂದು ರೈಸ್ ಮಿಲ್ಲಿನ ಮಹಡಿಗೆ ಪದರಗಳುಳ್ಳ ಶೆಲ್ ಅಥವಾ ಸೇಫ್‌ನಂತಹ ತಂತ್ರಾಂಶದ ಬಿರುಕು ಛೇದದ ವಿಶ್ಲೇಷಣೆ ಸಾಕು.

ಸಿಂಧನೂರು ಸೈಟ್

ಆಧಾರದ ಲೆಕ್ಕ ನೋಡಿ ನನ್ನ ಅಭಿಪ್ರಾಯವನ್ನು ಅರ್ಧ ಬದಲಾಯಿಸಿಕೊಂಡಿದ್ದೇನೆ. ಇಡೀ ಮಹಡಿಗೆ ಶೆಲ್ ಇರಲಿ. ಪಾಲಿಶರ್, ಜರಡಿ ಯಂತ್ರ ಕೂರುವ ಜಾಗದಲ್ಲಿ ಬೋಲ್ಟು ಮತ್ತು ಪ್ಲೇಟಿನ ಸುತ್ತಲಿನ ಒಂದು ತುಂಡನ್ನು ಮಾತ್ರ ಸಾಲಿಡ್‌ನಲ್ಲಿ ಮಾಡಿ, ಅಂಚುಗಳಿಗೆ ಶೆಲ್ ಮಾದರಿಯ ಸ್ಥಾನಪಲ್ಲಟಗಳನ್ನು ಕೊಡಬಹುದು ಎಂದು ಸೇರಿಸುತ್ತೇನೆ. ಜರಡಿಯ ಕಂಪನಕ್ಕೆ ಮಹಡಿಯ ಸಹಜ ಆವರ್ತನ ನೋಡಲು ಶೆಲ್ ಮಾದರಿಯೇ ಸಾಕಾಗುತ್ತದೆ, ಯಂತ್ರದ ದ್ರವ್ಯರಾಶಿಯನ್ನು ಮರೆಯದೆ ಹಾಕಬೇಕು ಅಷ್ಟೆ.

ಅಡಿಪಾಯದ ರಾಫ್ಟ್ (ಇಡೀ ಕಟ್ಟಡದಡಿಯ ಒಂದೇ ಚಪ್ಪಡಿ) ಬಗ್ಗೆ ಯಾರೂ ಹೇಳಲಿಲ್ಲ. ಕಾರಟಗಿ ಕಡೆ ಬಹುಪಾಲು ಎರೆ ಮಣ್ಣು. ಮಳೆಗೆ ಉಬ್ಬಿ, ಬೇಸಿಗೆಯಲ್ಲಿ ಬಿರಿಯುವ ಆ ನೆಲದ ಮೇಲೆ ರಾಫ್ಟ್ ಹಾಕಿದರೆ ಶೆಲ್‌ನ ಕೆಳಗೆ ಒತ್ತುವಿಕೆಗೆ ಮಾತ್ರ ಪ್ರತಿಕ್ರಿಯಿಸುವ ಸ್ಪ್ರಿಂಗುಗಳನ್ನು ಕೊಡಬೇಕು, ಅಂಚು ಎದ್ದಾಗ ಒಂದು ಸಲ, ನಡು ಎದ್ದಾಗ ಒಂದು ಸಲ ಪರಿಶೀಲಿಸಬೇಕು. ಅಲ್ಲಿ ಅನಿಶ್ಚಿತತೆ ಇರುವುದು ಮಣ್ಣಿನಲ್ಲಿ, ಕಾಂಕ್ರೀಟಿನ ಎಲಿಮೆಂಟಿನಲ್ಲಿ ಅಲ್ಲ.

ಗಂಗಾವತಿ ವಿನ್ಯಾಸ

ಪರಿಶೀಲಕರಿಗೆ ಈ ಪಟ್ಟಿಯ ಲೆಕ್ಕವನ್ನೂ ಬಿರುಕಿನ ಲೆಕ್ಕವನ್ನೂ ಲಗತ್ತಿಸಿ ಶೆಲ್ ಮಾದರಿಯನ್ನೇ ಉಳಿಸಿಕೊಳ್ಳುವುದಾಗಿ ಬರೆಯುತ್ತೇನೆ. ಒಂದು ಸಂದೇಹ ಉಳಿದಿದೆ. ಕಂಬದ ನೋಡಿನ ಮೇಲೆ ಶೆಲ್ ಮೊಮೆಂಟ್ ಮೆಶ್ ಸಣ್ಣದಾದಷ್ಟೂ ಏರುತ್ತಾ ಹೋಗುತ್ತಿದೆ. ಪಂಚಿಂಗ್ ಶಿಯರ್ (ಕಂಬ ಸ್ಲ್ಯಾಬನ್ನು ತೂತುಮಾಡುವಂತೆ ಒತ್ತುವ ಬಲ) ಅನ್ನೂ ಅಲ್ಲಿಂದಲೇ ಓದಬೇಕೇ?

ತೋರಣಗಲ್ಲು ರಚನೆ

ಆ ಏರಿಕೆ ನಿಮ್ಮ ಮೆಶ್‌ನ ದೋಷವಲ್ಲ. ಕಂಬವನ್ನು ಒಂದು ಬಿಂದು ಎಂದು ಹಿಡಿದರೆ ಫಲಕ ಸಿದ್ಧಾಂತದಲ್ಲಿ ಅಲ್ಲಿನ ಮೊಮೆಂಟಿಗೆ ಮಿತಿಯೇ ಇಲ್ಲ, ಆದ್ದರಿಂದ ಮೆಶ್ ಸಣ್ಣದಾದಂತೆ ಅದು ಏರುತ್ತಲೇ ಇರುತ್ತದೆ. ಕಂಬದ 400 ಮಿಮೀ ಚೌಕವನ್ನು ಗಡುಸು ಪ್ರದೇಶವಾಗಿ ಮಾಡಿ, ಮೊಮೆಂಟನ್ನು ಕಂಬದ ಮುಖದಲ್ಲಿ ಓದಿ, ಕಂಬದ ಪಟ್ಟಿಯ (ಕಂಬಗಳ ಸಾಲಿನ ಮೇಲಿನ ಸ್ಲ್ಯಾಬ್ ಭಾಗ) ಅಗಲಕ್ಕೆ ಸರಾಸರಿ ತೆಗೆದುಕೊಳ್ಳಿ.

ಪಂಚಿಂಗ್ ಶಿಯರನ್ನು ಎಲಿಮೆಂಟಿನ ಶಿಯರ್‌ನಿಂದ ಓದಬೇಡಿ. ಕಂಬಕ್ಕೆ ಇಳಿಯುವ ಪ್ರತಿಕ್ರಿಯೆ ಮತ್ತು ಅಸಮತೋಲಿತ ಮೊಮೆಂಟನ್ನು ಮಾದರಿಯಿಂದ ತೆಗೆದುಕೊಂಡು, ಐಎಸ್ 456ರ 31.6ನೇ ಕಲಮಿನಂತೆ ಕಂಬದ ಮುಖದಿಂದ ಅರ್ಧ ಆಳದಷ್ಟು ದೂರದ ಪರಿಧಿಯಲ್ಲಿ ಕೈಲೆಕ್ಕ ಮಾಡಿ. ನಿಮ್ಮ 200 ಮಿಮೀ ಸ್ಲ್ಯಾಬಿಗೆ ಪರಿಣಾಮಕಾರಿ ಆಳ 170 ಎಂದರೆ ಪರಿಧಿ 2280 ಮಿಮೀ. ಗುಣಕ ಸೇರಿದ ಭಾರ ಚದರ ಮೀಟರಿಗೆ 12 ಕಿಲೋನ್ಯೂಟನ್ ಎಂದು ಉದಾಹರಣೆಗೆ ಹಿಡಿದರೆ, 36 ಚದರ ಮೀಟರಿಗೆ 432 ಕಿಲೋನ್ಯೂಟನ್, ಶಿಯರ್ ಸ್ಟ್ರೆಸ್ 1.11 ಮೆಗಾಪಾಸ್ಕಲ್. ಎಂ25ಕ್ಕೆ ಮಿತಿ 1.25. ಅಸಮತೋಲಿತ ಮೊಮೆಂಟ್ ಸೇರಿಸಿದ ಮೇಲೆ ಈ ಅಂತರ ಸಾಲದೆ ಹೋಗುವ ಸಾಧ್ಯತೆ ಹೆಚ್ಚು, ನಿಮ್ಮ ನೆಲ್ಲಿನ ಭಾರ ಇದಕ್ಕಿಂತ ಜಾಸ್ತಿ ಇದ್ದರೆ ಡ್ರಾಪ್ ಪ್ಯಾನೆಲ್ (ಕಂಬದ ಸುತ್ತ ದಪ್ಪಗೊಳಿಸಿದ ಸ್ಲ್ಯಾಬ್) ಬೇಕಾಗಬಹುದು. ಎಲಿವೇಟರ್ ಕಿಂಡಿ ಕಂಬದಿಂದ ಸ್ಲ್ಯಾಬಿನ ದಪ್ಪದ ಹತ್ತು ಪಟ್ಟು, ಅಂದರೆ 2 ಮೀಟರಿನೊಳಗೆ ಇದ್ದರೆ ಅಥವಾ ಕಂಬದ ಪಟ್ಟಿಯೊಳಗೆ ಬಂದರೆ, ಕಂಬದ ಕೇಂದ್ರದಿಂದ ಕಿಂಡಿಯ ಎರಡು ಅಂಚುಗಳಿಗೆ ಎಳೆದ ಗೆರೆಗಳ ನಡುವಿನ ಪರಿಧಿಯನ್ನು ಲೆಕ್ಕದಿಂದ ಕಳೆಯಬೇಕು. ಕಿಂಡಿಗಳ ನಕ್ಷೆ ಯಂತ್ರ ಪೂರೈಸುವವರಿಂದ ಅಂತಿಮವಾಗಿ ಬಂದ ಮೇಲೆಯೇ ಈ ಲೆಕ್ಕವನ್ನು ಮುಗಿಸಿ.